ಬಿಸಿಯಾದ ಮೇಲೆ ನಿಂತುಬಿಡುವ ಹಳೇ ಪಿಕಪ್: ಕಂಪ್ಯೂಟರ್ ಬದಲಿಸುವ ಮೊದಲು

ಪ್ರಶ್ನೆ: ನನ್ನದು 1989ರ ಫೋರ್ಡ್ ಎಫ್-150 ಪಿಕಪ್. 4.9 ಲೀಟರ್, ಆರು ಸಿಲಿಂಡರ್, ಫ್ಯೂಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿದ ಮೇಲೆ ಇದ್ದಕ್ಕಿದ್ದಂತೆ ಆಫ್. ಅರ್ಧ ಗಂಟೆ ಸುಮ್ನೆ ಬಿಟ್ಟರೆ ಏನೂ ಆಗಿಲ್ಲವೇನೋ ಎನ್ನುವ ಹಾಗೆ ಮತ್ತೆ ಸ್ಟಾರ್ಟ್. ಜೊತೆಗೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ, ಹೊಗೆಯಲ್ಲೂ ಪೆಟ್ರೋಲ್ ವಾಸನೆ ಬರುತ್ತಿದೆ. ಚೆಕ್ ಎಂಜಿನ್ ದೀಪ ಆಗಾಗ ಹತ್ತಿ ಆರುತ್ತದೆ. ಆಕ್ಸಿಜನ್ ಸೆನ್ಸರ್, ಥ್ರಾಟಲ್ ಸೆನ್ಸರ್ ಎರಡನ್ನೂ ಬದಲಾಯಿಸಿ ಆಯಿತು. ಈಗ ಎಂಜಿನ್ ನಡೆಸುವ ಕಂಪ್ಯೂಟರೇ ಹೋಗಿದೆ ಎನ್ನುತ್ತಿದ್ದಾರೆ. ನನ್ನ ಹತ್ತಿರ ಇರುವ ಸ್ಕ್ಯಾನರ್ ಹಾಕೋಣ ಅಂದರೆ ಅದಕ್ಕೆ ಸಾಕೆಟ್ಟೇ ಇಲ್ಲ. ಕಂಪ್ಯೂಟರ್ ಬದಲಿಸಿಬಿಡಲೇ?

ಉತ್ತರ: ಬೇಡ, ಈಗಲೇ ಬೇಡ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಕಂಪ್ಯೂಟರ್ ಮೇಲೆ ನನಗೆ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ. ಇನ್ನೊಂದು ಮಾತು. ನಿಮ್ಮ ಗಾಡಿಗೆ ಇರುವುದು ಒಂದು ಕಾಯಿಲೆ ಅಲ್ಲ, ಎರಡು ಅನ್ನಿಸುತ್ತದೆ. ಬಿಸಿಯಾದಾಗ ನಿಲ್ಲುವುದು ಒಂದು, ಪೆಟ್ರೋಲ್ ಜಾಸ್ತಿ ಕುಡಿಯುವುದು ಇನ್ನೊಂದು. ಎರಡನ್ನೂ ಒಂದೇ ಗಂಟು ಹಾಕಿ ನೋಡಿದರೆ ಯಾವುದೂ ಸಿಗುವುದಿಲ್ಲ, ಕೊನೆಗೆ ಎಲ್ಲರ ಬೆರಳೂ ಕಂಪ್ಯೂಟರ್ ಕಡೆಗೇ ತಿರುಗುತ್ತದೆ.

ಮೊದಲು ಸ್ಕ್ಯಾನರ್ ವಿಷಯ. ಅಮೆರಿಕದಲ್ಲಿ ಓಬಿಡಿ-2 ಎಂಬ ಒಂದೇ ಬಗೆಯ ಸಾಕೆಟ್ ಕಡ್ಡಾಯವಾಗಿದ್ದು 1996ರ ಮಾಡೆಲ್‌ಗಳಿಂದ. ಅದಕ್ಕಿಂತ ಮುಂಚೆ ಒಂದೊಂದು ಕಂಪನಿಗೆ ಒಂದೊಂದು ದಾರಿ. ನಿಮ್ಮದರಲ್ಲಿ ಇರುವುದು ಫೋರ್ಡ್‌ನ ಇಇಸಿ-4 ಎಂಬ ವ್ಯವಸ್ಥೆ. ಇದನ್ನು ಓದಲು ಸ್ಕ್ಯಾನರ್ ಬೇಕಿಲ್ಲ. ಒಂದು ತುಂಡು ವೈರ್ ಮತ್ತು ನಿಮ್ಮ ಚೆಕ್ ಎಂಜಿನ್ ದೀಪ ಸಾಕು.

ಬಾನೆಟ್ ಕೆಳಗೆ ಫೆಂಡರ್ ಬದಿಯಲ್ಲಿ ಆರು ಕಿಂಡಿಯ ಒಂದು ಟೆಸ್ಟ್ ಕನೆಕ್ಟರ್ ಇರುತ್ತದೆ, ಅದರ ಪಕ್ಕದಲ್ಲೇ ಒಂಟಿ ವೈರ್‌ನ ಇನ್ನೊಂದು ಪುಟ್ಟ ಕನೆಕ್ಟರ್. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಆಫ್ ಮಾಡಿ. ಆ ಒಂಟಿ ವೈರನ್ನು ದೊಡ್ಡ ಕನೆಕ್ಟರ್‌ನ ಸಿಗ್ನಲ್ ರಿಟರ್ನ್ ಪಿನ್‌ಗೆ, ಅಂದರೆ ಸೆನ್ಸರ್‌ಗಳ ಗ್ರೌಂಡ್ ಪಿನ್‌ಗೆ ಜೋಡಿಸಿ. ಯಾವ ಪಿನ್ ಎಂದು ಅಂದಾಜು ಮಾಡಬೇಡಿ, ನಿಮ್ಮ ಮಾಡೆಲ್‌ನ ಮ್ಯಾನುಯಲ್‌ನಲ್ಲಿ ಚಿತ್ರ ಇರುತ್ತದೆ. ಆಮೇಲೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ದೀಪ ಮಿನುಗಲು ಶುರುವಾಗುತ್ತದೆ. ಎರಡು ಮಿನುಗು, ಎರಡು ಸೆಕೆಂಡ್ ಬಿಡುವು, ಆಮೇಲೆ ಒಂದು ಮಿನುಗು ಅಂದರೆ 21. ಒಂದು ಕೋಡ್‌ಗೂ ಇನ್ನೊಂದಕ್ಕೂ ನಡುವೆ ಸುಮಾರು ನಾಲ್ಕು ಸೆಕೆಂಡ್. ಪ್ರತಿ ಕೋಡ್ ಎರಡು ಸಲ ಬರುತ್ತದೆ. ಹಾಗಾಗಿ ಒಂದು ಸಲ ತಪ್ಪಿದರೂ ಗಾಬರಿ ಬೇಡ, ಪೆನ್ನು ಹಿಡಿದು ಕೂತುಕೊಳ್ಳಿ.

ಮೊದಲು ಬರುವುದು ಈ ಕ್ಷಣದಲ್ಲಿ ಇರುವ ದೋಷ. ಆಮೇಲೆ ಒಂಟಿ ಮಿನುಗು ಬರುತ್ತದೆ, ಅದು ಅಡ್ಡಗೆರೆ ಇದ್ದ ಹಾಗೆ. ಅದಾದ ಮೇಲೆ ಬರುವುದು ಹಿಂದೆ ಯಾವಾಗಲೋ ಬಂದು ಹೋದ ದೋಷಗಳು. ನಿಮ್ಮ ಗಾಡಿ ಬಂದು ಹೋಗುವ ಕಾಯಿಲೆಯದ್ದು, ಅಲ್ವಾ? ಹಾಗಾಗಿ ಈ ಎರಡನೇ ಭಾಗವೇ ಚಿನ್ನ. ಅದಕ್ಕೇ ಓದುವ ಮೊದಲು ಬ್ಯಾಟರಿ ಬಿಚ್ಚಬೇಡಿ, ಬಿಚ್ಚಿದರೆ ಆ ನೆನಪು ಅಳಿಸಿಹೋಗುತ್ತದೆ. ಎರಡೂ ಭಾಗದಲ್ಲಿ 11 ಬಂದರೆ ಕಂಪ್ಯೂಟರ್ ತನಗೆ ದೂರು ಏನೂ ಇಲ್ಲ ಎನ್ನುತ್ತಿದೆ ಎಂದರ್ಥ.

ಇದಾದ ಮೇಲೆ ಎಂಜಿನ್ ಓಡುತ್ತಿರುವಾಗ ಇನ್ನೊಂದು ಪರೀಕ್ಷೆ ಇದೆ. ಶುರುವಿಗೆ ಮೂರು ಮಿನುಗು ಬರುತ್ತದೆ. ಅದು ದೋಷ ಅಲ್ಲ, ಸಿಲಿಂಡರ್ ಸಂಖ್ಯೆಯ ಅರ್ಧ ಅಷ್ಟೇ. ನಡುವೆ ಒಂಟಿ ಮಿನುಗು ಬಂದಾಗ ಆಕ್ಸಿಲರೇಟರ್ ಒಮ್ಮೆ ಪೂರ್ತಿ ಒತ್ತಿ ಬಿಡಬೇಕು. ಒತ್ತದಿದ್ದರೆ 77 ಬರುತ್ತದೆ. ಅದನ್ನು ನೋಡಿ ಹೆದರಿ ಹೊಸ ಸೆನ್ಸರ್ ತಂದವರನ್ನು ನಾನು ಕಂಡಿದ್ದೇನೆ.

ಇಲ್ಲಿ ಒಂದು ವಿಷಯವನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕೋಡ್ ಒಂದು ಸರ್ಕ್ಯೂಟ್‌ನ ಹೆಸರು, ಬಿಡಿಭಾಗದ ಹೆಸರಲ್ಲ. 42 ಬಂದರೆ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಜಾಸ್ತಿಯಾಗಿದೆ ಎಂದು ಹೇಳುತ್ತಿದೆ. ಸೆನ್ಸರ್ ಕೆಟ್ಟಿದೆ ಎಂದಲ್ಲ, ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ ಇರಬಹುದು. ನಿಮ್ಮ ಆಕ್ಸಿಜನ್ ಸೆನ್ಸರ್ ಬದಲಾಗಿದ್ದು ಹೀಗೇ ಎಂದು ನನ್ನ ಊಹೆ. ಸುದ್ದಿ ತಂದವನನ್ನು ಮನೆಯಿಂದ ಆಚೆ ಹಾಕಿದ ಹಾಗಾಯಿತು.

ಈಗ ಮೊದಲನೇ ಕಾಯಿಲೆ, ಬಿಸಿಯಾದಾಗ ನಿಲ್ಲುವುದು.

ನಿಲ್ಲುವಾಗ ಹೇಗೆ ನಿಲ್ಲುತ್ತದೆ ಎಂದು ನೆನಪು ಮಾಡಿಕೊಳ್ಳಿ. ಕೀ ಆಫ್ ಮಾಡಿದ ಹಾಗೆ ಒಂದೇ ಏಟಿಗೆ ಸತ್ತರೆ ಕಿಡಿ ಹೋಗಿದೆ. ಕೆಮ್ಮಿ, ಎಳೆದಾಡಿ, ಶಕ್ತಿ ಇಳಿದು ನಿಂತರೆ ಪೆಟ್ರೋಲ್ ಹೋಗಿದೆ. ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್ ಇದ್ದರೆ ಇನ್ನೂ ಸುಲಭ. ಗಾಡಿ ಗೇರಿನಲ್ಲಿ ಉರುಳುತ್ತಾ ಎಂಜಿನ್ ಇನ್ನೂ ತಿರುಗುತ್ತಿರುವಾಗಲೇ ಮುಳ್ಳು ಧೊಪ್ ಎಂದು ಸೊನ್ನೆಗೆ ಬಿದ್ದರೆ ಇಗ್ನಿಷನ್ ಕಡೆಯೇ ತೊಂದರೆ. ನೀವು "ಇದ್ದಕ್ಕಿದ್ದಂತೆ ಆಫ್" ಎಂದು ಬರೆದಿದ್ದೀರಿ. ಹಾಗಾಗಿ ನನ್ನ ಕಣ್ಣು ಹೋಗುವುದು ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಪಕ್ಕಕ್ಕೆ ಅಂಟಿಕೊಂಡಿರುವ ಟಿಎಫ್‌ಐ ಮಾಡ್ಯೂಲ್ ಕಡೆಗೆ.

ಅದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಎರಡೇ ಸ್ಕ್ರೂಗಳಲ್ಲಿ ನಿಂತ ಚಪ್ಪಟೆ ಪೆಟ್ಟಿಗೆ. ಕಿಡಿ ಹುಟ್ಟಿಸುವ ಕಾಯಿಲ್‌ಗೆ ಕರೆಂಟ್ ಕೊಟ್ಟು ಕತ್ತರಿಸುವುದು ಅದರ ಕೆಲಸ, ಅದರಿಂದಲೇ ಅದಕ್ಕೆ ಬಿಸಿ ಏರುತ್ತದೆ. ಅದರ ಮೇಲೆ ಎಂಜಿನ್ ಶಾಖ. ಆ ಬಿಸಿ ಡಿಸ್ಟ್ರಿಬ್ಯೂಟರ್‌ನ ಲೋಹಕ್ಕೆ ಇಳಿದುಹೋಗಲಿ ಎಂದು ಬೆನ್ನಿಗೆ ತೆಳ್ಳಗೆ ಶಾಖ ಸಾಗಿಸುವ ಸಿಲಿಕೋನ್ ಪೇಸ್ಟ್ ಹಚ್ಚಿರುತ್ತಾರೆ. ವರ್ಷಗಳು ಕಳೆದ ಹಾಗೆ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತಾಗುತ್ತದೆ. ಆಮೇಲೆ ಬಿಸಿ ಹೋಗಲು ದಾರಿ ಇಲ್ಲ. ಒಳಗಿನ ಸರ್ಕ್ಯೂಟ್ ಬಿಸಿಗೆ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಸೇರಿಕೊಳ್ಳುತ್ತದೆ. ನಿಮ್ಮ ಆ ಅರ್ಧ ಗಂಟೆಯ ಲೆಕ್ಕ ಇದೇ. ಇದು ಸಣ್ಣ ವಿಷಯವೇನಲ್ಲ. ಡಿಸ್ಟ್ರಿಬ್ಯೂಟರ್ ಮೇಲೇ ಕೂರಿಸಿದ ಈ ಮಾಡ್ಯೂಲ್ ಬಗ್ಗೆ ಕ್ಯಾಲಿಫೋರ್ನಿಯಾದಲ್ಲಿ ಫೋರ್ಡ್ ಮೇಲೆ ದೊಡ್ಡ ಮೊಕದ್ದಮೆಯೇ ನಡೆದು, 2001ರಲ್ಲಿ ರಾಜಿಯಲ್ಲಿ ಮುಗಿಯಿತು. ಮುಂದಿನ ಮಾಡೆಲ್‌ಗಳಲ್ಲಿ ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರ್‌ನಿಂದ ದೂರ ತೆಗೆದು ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಕೂರಿಸಿದರು.

ಅನುಮಾನ ಒಂದು, ಪುರಾವೆ ಇನ್ನೊಂದು. ಪುರಾವೆ ಸಿಗುವುದು ಗಾಡಿ ಸತ್ತಿರುವಾಗ ಮಾತ್ರ. ಬೆಳಗ್ಗೆ ತಣ್ಣಗಿರುವಾಗ ಎಷ್ಟು ಪರೀಕ್ಷೆ ಮಾಡಿದರೂ ಎಲ್ಲ ಸರಿಯಾಗೇ ಕಾಣುತ್ತದೆ. ಗಾಡಿಯಲ್ಲಿ ಒಂದು ಸ್ಪಾರ್ಕ್ ಟೆಸ್ಟರ್, ಒಂದು ಒದ್ದೆ ಬಟ್ಟೆ, ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ನಿಂತ ತಕ್ಷಣ ಸುರಕ್ಷಿತ ಜಾಗಕ್ಕೆ ತಂದು, ಕಾಯಿಲ್ ವೈರ್‌ಗೆ ಟೆಸ್ಟರ್ ಹಾಕಿ ಕ್ರ್ಯಾಂಕ್ ಮಾಡಿ. ಕಿಡಿ ಇಲ್ಲದಿದ್ದರೆ ಕೀ ಆಫ್ ಮಾಡಿ, ಮಾಡ್ಯೂಲ್ ಮೇಲೆ ಒದ್ದೆ ಬಟ್ಟೆ ಒತ್ತಿ ಹಿಡಿಯಿರಿ. ಬಟ್ಟೆಯಿಂದ ನೀರು ತೊಟ್ಟಿಕ್ಕಬಾರದು. ಐದು ನಿಮಿಷದಲ್ಲಿ ಬಟ್ಟೆ ಕಾವೇರುತ್ತದೆ, ಮಾಡ್ಯೂಲ್ ತಣ್ಣಗಾಗುತ್ತದೆ. ಅರ್ಧ ಗಂಟೆ ಬೇಕಿದ್ದ ಗಾಡಿ ಆಗಲೇ ಸ್ಟಾರ್ಟ್ ಆದರೆ ಕಳ್ಳ ಸಿಕ್ಕ ಹಾಗೇ. ನಾನು ಮೊದಲ ಸಲ ಇದನ್ನು ಮಾಡಿದಾಗ ಕ್ರ್ಯಾಂಕ್ ಮಾಡಿದ ಎರಡನೇ ಸುತ್ತಿಗೇ ಎಂಜಿನ್ ಹಿಡಿದುಕೊಂಡಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಆದರೆ ತಣ್ಣಗೆ ಮಾಡಿದರೂ ಹಿಡಿಯದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ಹಾಲ್ ಸೆನ್ಸರ್ ನೋಡಬೇಕು. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರ್‌ಗೆ ಹೇಳುವ ಪಿಪ್ ಎಂಬ ಸಿಗ್ನಲ್ ಅಲ್ಲಿಂದ ಬರುತ್ತದೆ. ಆ ಸಿಗ್ನಲ್ ಇಲ್ಲದಿದ್ದರೆ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನೂ ಪಂಪನ್ನೂ ನಿಲ್ಲಿಸುತ್ತದೆ. ಆಗ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಎರಡೂ ಒಟ್ಟಿಗೆ ಹೋಯಿತು, ಹಾಗಾದರೆ ಕಂಪ್ಯೂಟರೇ ಹೋಗಿದೆ ಎಂದು ಜನ ತೀರ್ಮಾನಿಸುವುದು ಇಲ್ಲೇ. ನೆನಪಿನ ಭಾಗದಲ್ಲಿ 14 ಬಂದಿದ್ದರೆ ಪಿಪ್ ಕಡೆ ನೋಡಿ, 18 ಬಂದಿದ್ದರೆ ಮಾಡ್ಯೂಲ್ ಮತ್ತು ಅದರ ವೈರ್ ಕಡೆ.

ಮಾಡ್ಯೂಲ್ ಬದಲಿಸುವುದಾದರೆ ಅದರ ಸ್ಕ್ರೂಗಳಿಗೆ 5.5 ಮಿಲಿಮೀಟರ್‌ನ ತೆಳು ಗೋಡೆಯ ಸಾಕೆಟ್ ಬೇಕು. ಕೂರುವ ಜಾಗವನ್ನು ಹಳೇ ಪೇಸ್ಟ್ ಒಂದು ಚೂರೂ ಉಳಿಯದ ಹಾಗೆ ಒರೆಸಿ, ಹೊಸ ಪೇಸ್ಟನ್ನು ತೆಳ್ಳಗೆ, ಎಲ್ಲ ಕಡೆ ಸಮವಾಗಿ ಹಚ್ಚಿ. ಪೇಸ್ಟ್ ಹಚ್ಚದೆ ಕೂರಿಸಿದ ಹೊಸ ಮಾಡ್ಯೂಲ್ ಹಳೆಯದಕ್ಕಿಂತ ಬೇಗ ಸಾಯುತ್ತದೆ. ಡಿಸ್ಟ್ರಿಬ್ಯೂಟರನ್ನೇ ಎತ್ತಬೇಕಾದರೆ ಆಮೇಲೆ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ನೋಡಲೇಬೇಕು. ಸ್ಪೌಟ್ ಎಂಬ ಪುಟ್ಟ ಪ್ಲಗ್ ಕಿತ್ತಿಟ್ಟು 10 ಡಿಗ್ರಿಗೆ ಕೂರಿಸಿ, ಪ್ಲಗ್ಗನ್ನು ಮರೆಯದೆ ವಾಪಸ್ ಹಾಕಿ.

ಕಿಡಿ ಚೆನ್ನಾಗಿದ್ದೂ ನಿಂತಿದ್ದರೆ ಪೆಟ್ರೋಲ್ ಒತ್ತಡ ನೋಡಿ. ಈ ಎಂಜಿನ್‌ಗೆ ಕೀ ಆನ್ ಮಾಡಿ ಪಂಪ್ ಓಡಿಸಿದಾಗ 50ರಿಂದ 60 ಪಿಎಸ್‌ಐ ಬರಬೇಕು. ವಿ8 ಎಂಜಿನ್‌ನ ಅಂಕಿ ಇದಕ್ಕಿಂತ ಕಡಿಮೆ, ಅದನ್ನು ಇಲ್ಲಿಗೆ ಹಾಕಿಕೊಂಡು ಸಮಾಧಾನ ಪಟ್ಟುಕೊಳ್ಳಬೇಡಿ. ಬಿಸಿ ಎಂಜಿನ್ ಹತ್ತಿರ ಪೆಟ್ರೋಲ್ ಲೈನ್ ಬಿಚ್ಚುವ ಕೆಲಸ ಒಬ್ಬರೇ ಮಾಡಬೇಡಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಇನ್ನು ಎರಡನೇ ಕಾಯಿಲೆ, ಪೆಟ್ರೋಲ್ ಕುಡಿಯುವುದು. ಸುಲಭದ್ದನ್ನು ಮೊದಲು ನೋಡಿಬಿಡಿ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಫ್ಯೂಯೆಲ್ ರೈಲ್ ಮೇಲಿನ ಪ್ರೆಶರ್ ರೆಗ್ಯುಲೇಟರ್‌ಗೆ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಹೋಗುತ್ತದೆ. ಅದನ್ನು ಎಳೆದು ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಬಂದರೆ, ಒಳಗೆ ತೇವ ಕಂಡರೆ, ರೆಗ್ಯುಲೇಟರ್‌ನ ಪೊರೆ ಹರಿದಿದೆ, ಎಂಜಿನ್ ಅಲ್ಲಿಂದ ನೇರವಾಗಿ ಪೆಟ್ರೋಲ್ ಹೀರುತ್ತಿದೆ. ಇದು ಎರಡು ನಿಮಿಷದ ಕೆಲಸ.

ಅಲ್ಲಿ ಒಣಗಿದ್ದರೆ ನನ್ನ ಮುಂದಿನ ಅನುಮಾನ ಎಂಜಿನ್ ತಣಿಸುವ ನೀರಿನ ಬಿಸಿ ಅಳೆಯುವ ಕೂಲೆಂಟ್ ಸೆನ್ಸರ್. ಡ್ಯಾಶ್‌ಬೋರ್ಡ್ ಮುಳ್ಳು ಸರಿಯಾಗಿದೆಯಲ್ಲ ಎನ್ನಬೇಡಿ. ಮುಳ್ಳಿಗೆ ಸುದ್ದಿ ಕೊಡುವುದು ಒಂದೇ ವೈರ್‌ನ ಬೇರೆ ಸೆಂಡರ್. ಕಂಪ್ಯೂಟರ್‌ಗೆ ಸುದ್ದಿ ಕೊಡುವುದು ಎರಡು ವೈರ್‌ನ ಇನ್ನೊಂದು. ಆ ಎರಡನೆಯದು ಎಂಜಿನ್ ಇನ್ನೂ ತಣ್ಣಗಿದೆ ಎಂದು ಸುಳ್ಳು ಹೇಳಿದರೆ ಕಂಪ್ಯೂಟರ್ ಚಳಿಗಾಲದ ಬೆಳಗಿನ ಹಾಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಸೆನ್ಸರ್ ವೈರ್ ಪೂರ್ತಿ ಕಿತ್ತುಹೋದರೆ 51 ಬರುತ್ತದೆ, ಶಾರ್ಟ್ ಆದರೆ 61. ಮಿತಿಯ ಒಳಗೇ ಇದ್ದುಕೊಂಡು ಸುಳ್ಳು ಹೇಳುವ ಸೆನ್ಸರ್ ಸಿಕ್ಕಿಬೀಳುವುದು ಕಷ್ಟ. ಬಿಸಿ ಎಂಜಿನ್‌ನಲ್ಲಿ ಪರೀಕ್ಷೆ ಮಾಡಿದಾಗ 21 ಬಂದರೆ ಅದೊಂದು ಸುಳಿವು.

ಅದನ್ನು ಹಿಡಿಯಲು ಓಮ್ ಮೀಟರ್ ಸಾಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 37 ಕಿಲೋ ಓಮ್ ತೋರಿಸಬೇಕು, 80 ಡಿಗ್ರಿಯಲ್ಲಿ ಸುಮಾರು 3.8, 100 ಡಿಗ್ರಿಯಲ್ಲಿ ಸುಮಾರು 2. ಇನ್ನೂ ಒಂದು ಉಪಾಯ ಇದೆ, ನನಗೆ ತುಂಬಾ ಇಷ್ಟದ್ದು. ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್‌ಗೂ ಇದೇ ಲೆಕ್ಕ. ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ ಬೆಳಗ್ಗೆ ಕೀ ಮುಟ್ಟುವ ಮೊದಲು ಎರಡನ್ನೂ ಅಳೆದರೆ ಹತ್ತಿರ ಹತ್ತಿರ ಒಂದೇ ಅಂಕಿ ಬರಬೇಕು. ಬರದಿದ್ದರೆ ಎರಡರಲ್ಲಿ ಒಂದು ಸುಳ್ಳುಗಾರ.

ಸೆನ್ಸರ್ ಹತ್ತಿರ ಅಳೆದು ಅಲ್ಲಿಗೇ ಬಿಡಬೇಡಿ. ಕಂಪ್ಯೂಟರ್‌ನ 60 ಪಿನ್‌ಗಳ ಕನೆಕ್ಟರ್ ನಿಮ್ಮ ಗಾಡಿಯಲ್ಲಿ ಡ್ರೈವರ್ ಕಡೆ ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಹತ್ತಿರ ಎಂಜಿನ್ ಬದಿಗೇ ಇದೆ. ನಡುವೆ ಒಂದು 10 ಮಿಲಿಮೀಟರ್ ಬೋಲ್ಟ್. ಬ್ಯಾಟರಿ ಬಿಚ್ಚಿ, ಬೋಲ್ಟ್ ತೆಗೆದು, ಕನೆಕ್ಟರ್‌ನ 7 ಮತ್ತು 46ನೇ ಪಿನ್‌ಗಳ ನಡುವೆ ಅದೇ ಸೆನ್ಸರನ್ನು ಮತ್ತೆ ಅಳೆಯಿರಿ. ಸೆನ್ಸರ್ ಹತ್ತಿರ 3 ಕಿಲೋ ಓಮ್, ಇಲ್ಲಿ 9 ಬಂತು ಅನ್ನಿ. ಸೆನ್ಸರ್ ನಿರಪರಾಧಿ, ದಾರಿಯಲ್ಲಿರುವ ವೈರ್ ಅಥವಾ ತುಕ್ಕು ಹಿಡಿದ ಪಿನ್ ಸುಳ್ಳು ಹೇಳುತ್ತಿದೆ. ಈ ಒಂದು ಅಳತೆ ಮಾಡದೇ ಇರುವುದರಿಂದ ಎಷ್ಟು ಒಳ್ಳೆಯ ಸೆನ್ಸರ್‌ಗಳು ಕಸಕ್ಕೆ ಹೋಗುತ್ತವೋ, ನೆನೆದರೆ ಬೇಜಾರಾಗುತ್ತದೆ.

ಮ್ಯಾಪ್ ಸೆನ್ಸರ್ ಬಗ್ಗೆಯೂ ಒಂದು ಮಾತು. ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಎಂದು ನಿಮ್ಮ ಗಾಡಿಯಲ್ಲಿ ನೇರವಾಗಿ ಅಳೆಯುವುದಿಲ್ಲ. ಇನ್‌ಟೇಕ್ ಒತ್ತಡ ನೋಡಿ ಲೆಕ್ಕ ಹಾಕುತ್ತದೆ. ಹಾಗಾಗಿ ಆ ಸೆನ್ಸರ್‌ಗೆ ಹೋಗುವ ರಬ್ಬರ್ ಪೈಪ್ ಸೀಳಿದರೆ ಎಂಜಿನ್ ಮೇಲೆ ಭಾರ ಬಿದ್ದಿದೆ ಎಂದು ಕಂಪ್ಯೂಟರ್ ತಿಳಿದು ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಪೈಪನ್ನು ಕೈಯಲ್ಲಿ ಬಗ್ಗಿಸಿ ನೋಡಿ, ಬಿರುಕು ಬಾಯಿ ಬಿಡುತ್ತದೆ. ಫೋರ್ಡ್‌ನ ಈ ಸೆನ್ಸರ್ ವೋಲ್ಟೇಜ್ ಬದಲು ಫ್ರೀಕ್ವೆನ್ಸಿ ಕೊಡುತ್ತದೆ. ಸಮುದ್ರ ಮಟ್ಟದಲ್ಲಿ ಕೀ ಆನ್, ಎಂಜಿನ್ ಆಫ್ ಇದ್ದಾಗ ಸುಮಾರು 159 ಹರ್ಟ್ಸ್. ಎತ್ತರದ ಊರುಗಳಲ್ಲಿ ಕಡಿಮೆ. ಬರೀ ವೋಲ್ಟೇಜ್ ಅಳೆದು ಇದು ಹೋಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಥ್ರಾಟಲ್ ಸೆನ್ಸರ್ ಹೊಸದು ಹಾಕಿದ್ದೀರಿ, ಸರಿ. ಐಡಲ್‌ನಲ್ಲಿ 1 ವೋಲ್ಟ್ ಆಸುಪಾಸು ಇದೆಯೇ, ಒತ್ತುತ್ತಾ ಹೋದರೆ ಎಲ್ಲೂ ಎಡವದೆ 4.5ರ ಹತ್ತಿರ ಏರುತ್ತದೆಯೇ ಎಂದಷ್ಟೇ ನೋಡಿ.

ಈಗ ಕಂಪ್ಯೂಟರ್ ಮಾತಿಗೆ ಬರೋಣ. ಅದರ ಮೇಲೆ ತಪ್ಪು ಹೊರಿಸುವ ಮೊದಲು ಅದಕ್ಕೆ ಊಟ ಸರಿಯಾಗಿ ಸಿಗುತ್ತಿದೆಯೇ ಎಂದು ನೋಡಬೇಕು. ಕೀ ಆನ್ ಇದ್ದಾಗ 37 ಮತ್ತು 57ನೇ ಪಿನ್‌ಗಳಿಗೆ ಬ್ಯಾಟರಿ ವೋಲ್ಟೇಜ್ ಬರಬೇಕು. 40 ಮತ್ತು 60 ಅದರ ಗ್ರೌಂಡ್. ಎಂಜಿನ್ ಓಡುತ್ತಿರುವಾಗ ಆ ಗ್ರೌಂಡ್‌ಗೂ ಬ್ಯಾಟರಿಯ ಮೈನಸ್‌ಗೂ ನಡುವೆ 0.1 ವೋಲ್ಟ್‌ಗಿಂತ ಜಾಸ್ತಿ ಇರಬಾರದು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನದೇ ಹಳೇ ಪಿಕಪ್ ಒಂದು ಹೀಗೇ ಕಾಟ ಕೊಡುತ್ತಿತ್ತು. ಒಂದು ಗ್ಯಾರೇಜಿನವರು ಕಂಪ್ಯೂಟರ್ ಎಂದರು, ನಾನೂ ಹೂಂ ಎಂದೆ. ಬದಲಾಯಿಸಿದ ಮೂರನೇ ದಿನ ಮತ್ತೆ ಅದೇ ಕಥೆ. ಕೊನೆಗೆ ಮೀಟರ್ ಹಿಡಿದು ಕೂತಾಗ ಗ್ರೌಂಡ್ ಮೇಲೆ 0.8 ವೋಲ್ಟ್ ಕಂಡಿತು. ಬ್ಯಾಟರಿಯ ಮೈನಸ್ ಟರ್ಮಿನಲ್‌ನಿಂದ ಹಾರ್ನೆಸ್ ಎಂಬ ವೈರ್‌ಗಳ ಕಟ್ಟಿನ ಒಳಗೆ ಹೋಗುವ ಒಂದು ಸಣ್ಣ ಕಪ್ಪು ವೈರ್. ಹೊರಗೆ ನೋಡಿದರೆ ಏನೂ ಆಗಿಲ್ಲ. ಉಗುರಿನಿಂದ ಒತ್ತಿದರೆ ಒಳಗೆ ಮರಳು ತುಂಬಿದ ಹಾಗೆ ಕರಕರ. ಸಿಪ್ಪೆ ಸೀಳಿದೆ. ತಾಮ್ರ ಇರಬೇಕಾದ ಕಡೆ ಒಂದು ಗೇಣು ಉದ್ದಕ್ಕೂ ಹಸಿರು ಪುಡಿ. ಎರಡೋ ಮೂರೋ ಎಳೆ ಮಾತ್ರ ಉಳಿದಿತ್ತು. ಎಂಜಿನ್ ಬಿಸಿಯಾದ ಹಾಗೆ ಆ ಎಳೆಗಳೂ ಕೈ ಬಿಡುತ್ತಿದ್ದವು. ಆ ತುಂಡು ವೈರನ್ನು ನಾನು ಇವತ್ತಿಗೂ ಟೂಲ್ ಬಾಕ್ಸ್‌ನಲ್ಲಿ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮೋಸದ ಜಾಗ 26ನೇ ಪಿನ್. ಸೆನ್ಸರ್‌ಗಳಿಗೆ 5 ವೋಲ್ಟ್ ಹೋಗುವುದು ಅಲ್ಲಿಂದ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಆ 5 ವೋಲ್ಟ್ ಯಾವ ಸೆನ್ಸರ್‌ಗೂ ಸಿಗದೆ ಹೋಗುತ್ತದೆ. ಕೋಡ್ ಬರುವುದಿಲ್ಲ, ಗಾಡಿ ಸ್ಟಾರ್ಟ್ ಆಗುವುದಿಲ್ಲ, ಕಂಪ್ಯೂಟರ್ ಸತ್ತ ಹಾಗೇ ಕಾಣುತ್ತದೆ. ಥ್ರಾಟಲ್, ಮ್ಯಾಪ್, ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ವ್ಯವಸ್ಥೆ) ಸೆನ್ಸರ್‌ಗಳ ಪ್ಲಗ್ ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ 5 ವೋಲ್ಟ್ ಮರಳಿ ಬರುತ್ತದೋ ಅದೇ ಅಪರಾಧಿ.

ಇಷ್ಟೆಲ್ಲ ಆದ ಮೇಲೂ ಎಲ್ಲ ಸರಿ ಇದ್ದು ಗಾಡಿ ಸರಿ ಇಲ್ಲ ಅಂದರೆ ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಿ. ಈ ವಯಸ್ಸಿನ ಇಇಸಿ-4ಗಳಲ್ಲಿ ಒಂದು ನಿಜವಾದ ಕಾಯಿಲೆ ಇದೆ. ಒಳಗೆ ಮೂರು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿವೆ, ಸಾಮಾನ್ಯವಾಗಿ 47 ಮೈಕ್ರೋಫ್ಯಾರಡ್ 16 ವೋಲ್ಟ್‌ನದ್ದು ಒಂದು, 10 ಮೈಕ್ರೋಫ್ಯಾರಡ್ 63 ವೋಲ್ಟ್‌ನವು ಎರಡು. ವರ್ಷ ಕಳೆದ ಹಾಗೆ ಅವು ಸೋರುತ್ತವೆ. ಮುಚ್ಚಳ ತೆಗೆದ ಕೂಡಲೇ ಕೊಳೆತ ಮೀನಿನಂಥ ವಾಸನೆ ಬರುತ್ತದೆ. ಕೆಪಾಸಿಟರ್ ಬುಡದಲ್ಲಿ ಕಂದು ಕಲೆ, ಅದರ ಸುತ್ತ ಬೋರ್ಡಿನ ಗೆರೆಗಳು ಮಂಕಾಗಿರುತ್ತವೆ. ಪಂಪ್ ನಿಲ್ಲದೆ ಓಡುವುದು, ಕೋಡ್ ಪರೀಕ್ಷೆಗೇ ಉತ್ತರ ಕೊಡದಿರುವುದು, ದೀಪ ಹತ್ತಿದ್ದು ಆರದಿರುವುದು, ಇವೆಲ್ಲ ಅದರ ಲಕ್ಷಣ. ಸೋರಿಕೆ ಗೆರೆಗಳನ್ನು ತಿಂದಿಲ್ಲದಿದ್ದರೆ ಬೆಸುಗೆ ಬಲ್ಲವರು ಮೂರನ್ನೂ ಬದಲಿಸಿ ಅದೇ ಕಂಪ್ಯೂಟರ್ ಉಳಿಸಿಕೊಡಬಹುದು. ಪ್ಲಸ್ ಮೈನಸ್ ತಿರುವುಮುರುವು ಆಗಬಾರದು ಅಷ್ಟೇ. ಬೇರೆ ಕಂಪ್ಯೂಟರ್ ತರುವುದೇ ಆದರೆ ಲೇಬಲ್ ಮೇಲಿನ ಕ್ಯಾಲಿಬ್ರೇಷನ್ ಕೋಡ್ ಹೊಂದಬೇಕು. ಕನೆಕ್ಟರ್ ಕೂತ ಮಾತ್ರಕ್ಕೆ ಸಾಲದು, ಮ್ಯಾನುಯಲ್ ಗೇರಿನದಕ್ಕೂ ಆಟೋಮ್ಯಾಟಿಕ್‌ನದಕ್ಕೂ ಒಳಗಿನ ಲೆಕ್ಕ ಬೇರೆ.

ಇದೇ ಕಾಲದ ಬೇರೆ ಪಿಕಪ್ ಇರುವವರಿಗೂ ದಾರಿ ಇದೇ, ಬಾಗಿಲು ಮಾತ್ರ ಬೇರೆ. 1987ರಿಂದ 1995ರ ತನಕದ ಥ್ರಾಟಲ್ ಬಾಡಿ ಇಂಜೆಕ್ಷನ್ ಇರುವ ಷೆವರ್ಲೆ, ಜಿಎಂಸಿ ಪಿಕಪ್‌ಗಳಲ್ಲಿ ಡ್ಯಾಶ್ ಕೆಳಗಿನ 12 ಪಿನ್ ಕನೆಕ್ಟರ್‌ನ ಎ ಮತ್ತು ಬಿ ಜೋಡಿಸಿದರೆ ದೀಪ ಮೊದಲು 12 ಎಂದು ಮೂರು ಸಲ ಹೇಳಿ ಆಮೇಲೆ ದೋಷ ಹೇಳುತ್ತದೆ. ಅವುಗಳ ಪೆಟ್ರೋಲ್ ಒತ್ತಡ ಬರೀ 9ರಿಂದ 13 ಪಿಎಸ್‌ಐ. ಡಾಡ್ಜ್‌ನಲ್ಲಿ ಐದು ಸೆಕೆಂಡ್ ಒಳಗೆ ಕೀಯನ್ನು ಆನ್-ಆಫ್-ಆನ್-ಆಫ್-ಆನ್ ಮಾಡಿದರೆ ಕೋಡ್ ಬರುತ್ತದೆ, 55 ಬಂದರೆ ಮುಗಿಯಿತು.

ನಿಮ್ಮ ಕೆಲಸ ಈಗ ಇಷ್ಟು. ಇವತ್ತು ಬ್ಯಾಟರಿ ಬಿಚ್ಚದೆ ಕೋಡ್ ಓದಿ, ಅಡ್ಡಗೆರೆಯ ಮೊದಲಿನದ್ದು, ನಂತರದ್ದು ಬೇರೆ ಬೇರೆ ಬರೆದಿಡಿ. ನಾಳೆ ಬೆಳಗ್ಗೆ ಕೀ ಮುಟ್ಟುವ ಮೊದಲು ಎರಡು ಸೆನ್ಸರ್‌ಗಳ ಓಮ್ ಅಳೆಯಿರಿ, ರೆಗ್ಯುಲೇಟರ್ ಪೈಪ್ ಮೂಸಿ ನೋಡಿ. ಮುಂದಿನ ಸಲ ಗಾಡಿ ನಿಂತಾಗ ಕಿಡಿ ಇತ್ತೋ ಇಲ್ಲವೋ, ಒದ್ದೆ ಬಟ್ಟೆಗೆ ಬಗ್ಗಿತೋ ಇಲ್ಲವೋ ಗಮನಿಸಿ. ಈ ಅಂಕಿಗಳನ್ನು ಬರೆದು ಕಳಿಸಿ, ಮುಂದಿನ ಹೆಜ್ಜೆ ನೋಡೋಣ. ಅಲ್ಲಿಯ ತನಕ ಕಂಪ್ಯೂಟರ್ ಇದ್ದ ಜಾಗದಲ್ಲೇ ಇರಲಿ.